ಕೇಳಿದ್ದಕ್ಕೆ ಹೇಳಿದ್ದು: ನಕ್ಷತ್ರದ ತೂಗಾಟ, ಸುರಂಗದ ತಂಪು

ಹೋದ ಸಂಚಿಕೆಯಲ್ಲಿ 51 ಪೆಗಾಸಿ ಎಂಬ ನಕ್ಷತ್ರದ ಬಗ್ಗೆ ಎರಡೇ ಪ್ಯಾರಾ ಬರೆದಿದ್ದೆ. ಅದರ ಸುತ್ತ ಒಂದು ಗ್ರಹ ಇದೆ, ಅದನ್ನು ಯಾರೂ ಕಣ್ಣಾರೆ ಕಂಡದ್ದಲ್ಲ, ನಕ್ಷತ್ರದ ಬೆಳಕನ್ನು ಸ್ಪೆಕ್ಟ್ರೋಗ್ರಾಫ್ ಎಂಬ ಉಪಕರಣದಲ್ಲಿ ಬಿಡಿಸಿ ಲೆಕ್ಕ ಹಾಕಿ ಹಿಡಿದದ್ದು ಅಂತ. ಅಷ್ಟಕ್ಕೇ ನಮ್ಮ ಪೆರ್ಲದ ಅಂಚೆಯವರು "ಟೀಚರೇ, ಮದುವೆ ಕಾಗದ ಬಂದ ಹಾಗೆ ಬರ್ತಾ ಉಂಟಲ್ಲ" ಅನ್ನುವಷ್ಟು ಪತ್ರಗಳು ಬಂದವು. ಈ ಸಲ ಬೇರೆ ಪ್ರಶ್ನೆ ಮುಟ್ಟುವುದಿಲ್ಲ. ಹಾವು ಕಡಿತದ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ಹಾವು ಕಡಿದಿದ್ದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಗ್ರಹವನ್ನು ನೋಡಿಲ್ಲ, ಆದರೆ ಇದೆ ಎನ್ನುತ್ತೀರಿ. ನನ್ನ ಅಂಗಡಿಗೆ ಬಂದವರು "ದುಡ್ಡು ಕಾಣಿಸುವುದಿಲ್ಲ, ಆದರೆ ಕೊಟ್ಟಿದ್ದೇನೆ" ಅಂದರೆ ನಾನು ಒಪ್ಪಬೇಕಾ?
— ದಿನಸಿ ವ್ಯಾಪಾರಿ, ಕುಂಬಳೆ

ಒಪ್ಪಬೇಡಿ. ಆದರೆ ಗಲ್ಲಾಪೆಟ್ಟಿಗೆ ಭಾರವಾದದ್ದು ಕೈಗೆ ಗೊತ್ತಾದರೆ ಒಪ್ಪುತ್ತೀರಿ, ಅಲ್ವಾ? ಇಲ್ಲಿ ಆದದ್ದು ಅದೇ.

ನಮ್ಮ ಕಡೆ ಬೆಳಗಾಗುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಹಣೆಗೆ ಲೈಟ್ ಕಟ್ಟಿಕೊಂಡಿರುತ್ತಾರೆ. ಅಂಥ ಒಬ್ಬರು ಕತ್ತಲಲ್ಲಿ ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸುತ್ತಿದ್ದಾರೆ ಅಂದುಕೊಳ್ಳಿ. ಗುಡ್ಡದ ಈಚೆ ನಿಂತ ನಿಮಗೆ ಮಗು ಕಾಣಿಸುವುದಿಲ್ಲ, ಮನುಷ್ಯನೂ ಕಾಣಿಸುವುದಿಲ್ಲ. ಲೈಟ್ ಮಾತ್ರ ಕಾಣುತ್ತದೆ. ಆದರೆ ಆ ಲೈಟ್ ಸುಮ್ನೆ ಒಂದೇ ಕಡೆ ನಿಂತಿರುವುದಿಲ್ಲ. ಮಗು ಆಚೆ ಹೋದಾಗ ಇವರು ಈಚೆ ವಾಲಬೇಕು, ಇಲ್ಲದಿದ್ದರೆ ಬೀಳುತ್ತಾರೆ. ಲೈಟ್ ಚಿಕ್ಕ ವೃತ್ತದಲ್ಲಿ ತಿರುಗುತ್ತದೆ. ಒಂದು ಸುತ್ತಿಗೆ ಎಷ್ಟು ಹೊತ್ತು, ವಾಲಾಟ ಎಷ್ಟು ಅಂತ ಗೊತ್ತಾದರೆ ಕೈಯಲ್ಲಿರುವುದು ಮಗುವೋ ಬೆಕ್ಕಿನ ಮರಿಯೋ ಅಂತ ಹೇಳಬಹುದು.

ನಕ್ಷತ್ರ ಮತ್ತು ಗ್ರಹದ ಸಂಬಂಧವೂ ಹೀಗೇ. ಗ್ರಹ ನಕ್ಷತ್ರವನ್ನು ಸುತ್ತುತ್ತದೆ ಅಂತ ನಾವು ಪಾಠದಲ್ಲಿ ಹೇಳುತ್ತೇವೆ. ನಿಜವಾಗಿ ಇಬ್ಬರೂ ಒಂದೇ ನಡುಬಿಂದುವನ್ನು ಸುತ್ತುತ್ತಾರೆ. ನಕ್ಷತ್ರ ಭಾರವಾದ್ದರಿಂದ ಅದರ ಸುತ್ತು ತೀರಾ ಚಿಕ್ಕದು. ಗುರುಗ್ರಹ ನಮ್ಮ ಸೂರ್ಯನನ್ನು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ಅಲ್ಲಾಡಿಸುತ್ತದೆ. ಭೂಮಿಗೆ ಸಾಧ್ಯವಾಗುವುದು ಸೆಕೆಂಡಿಗೆ 9 ಸೆಂಟಿಮೀಟರ್ ಅಷ್ಟೇ. ಆಮೆ ನಡಿಗೆ.

ಈ ಅಲ್ಲಾಟ ಅಳೆಯುವುದು ಹೇಗೆ ಅನ್ನುವುದಕ್ಕೆ ನಿಮ್ಮ ಊರಲ್ಲೇ ಉದಾಹರಣೆ ಇದೆ. ಕುಂಬಳೆ ಸ್ಟೇಷನ್ನಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಕೂಗುತ್ತಾ ಹೋಗುವಾಗ ಕಿವಿ ಕೊಡಿ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿದ ಕೂಡಲೇ ಇಳಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ರೈಲಾದರೆ ಹಾರ್ಮೋನಿಯಂನಲ್ಲಿ ಹೆಚ್ಚುಕಡಿಮೆ ಮೂರು ಮನೆ ಕೆಳಗೆ ಬರುತ್ತದೆ. ಭಜನಾ ಮಂದಿರದಲ್ಲಿ ಪೆಟ್ಟಿಗೆ ಬಾರಿಸುವವರನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಇದನ್ನು ಲೆಕ್ಕಕ್ಕೆ ತಂದರು. ಬೆಳಕಿಗೂ ಇದೇ ಲೆಕ್ಕ. ನಮ್ಮ ಕಡೆಗೆ ಬರುವ ನಕ್ಷತ್ರದ ಬೆಳಕು ಚೂರು ನೀಲಿ ಕಡೆಗೆ ಸರಿಯುತ್ತದೆ, ದೂರ ಹೋಗುವಾಗ ಚೂರು ಕೆಂಪಿನ ಕಡೆಗೆ.

ಫ್ರಾನ್ಸಿನ ಹೋತ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಎಲೋಡಿ ಎಂಬ ಸ್ಪೆಕ್ಟ್ರೋಗ್ರಾಫ್ ಇತ್ತು. ಅದರಲ್ಲಿ 51 ಪೆಗಾಸಿಯ ಬೆಳಕು ಹೀಗೆ ಹಿಂದೆ ಮುಂದೆ ಸರಿಯುವುದನ್ನು ಕಂಡವರು ದಿದಿಯೇ ಕೆಲೋ. ಆಗ ಅವರಿನ್ನೂ ಪಿಎಚ್.ಡಿ. ವಿದ್ಯಾರ್ಥಿ, ಗುರುಗಳಾದ ಮಿಶೆಲ್ ಮೇಯರ್ ಹವಾಯಿಯಲ್ಲಿದ್ದರು. ಹುಡುಗನಿಗೆ ಮೊದಲು ಬಂದದ್ದು ಖುಷಿಯಲ್ಲ, ಹೆದರಿಕೆ. ನನ್ನ ಪ್ರೋಗ್ರಾಮಿನಲ್ಲೇ ಏನೋ ತಪ್ಪಿದೆ ಅಂದುಕೊಂಡರಂತೆ. ಯಾಕೆಂದರೆ ಆ ಅಲ್ಲಾಟ 4.23 ದಿನಕ್ಕೊಮ್ಮೆ ಮರುಕಳಿಸುತ್ತಿತ್ತು. ನಮ್ಮ ಗುರುಗ್ರಹ ಒಂದು ಸುತ್ತಿಗೆ ಹನ್ನೆರಡು ವರ್ಷ ತೆಗೆದುಕೊಳ್ಳುತ್ತದೆ. ಅಂಥ ದೊಡ್ಡ ಗ್ರಹ ನಾಲ್ಕು ದಿನಕ್ಕೆ ಒಂದು ಸುತ್ತು ಹಾಕುವುದೆಂದರೆ ನಂಬುವವರು ಯಾರು? ತಮಾಷೆ ಎಂದರೆ ಒಟ್ಟೋ ಸ್ಟ್ರೂವೆ ಎಂಬ ಖಗೋಳಜ್ಞ 1952ರಲ್ಲೇ ಇಂಥ ಗ್ರಹಗಳು ಇರಬಹುದು, ಹುಡುಕಿ ಅಂತ ಬರೆದಿದ್ದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

1995ರ ಮಾರ್ಚ್ ಹೊತ್ತಿಗೆ ಆ ನಕ್ಷತ್ರ ಸೂರ್ಯನ ಆಚೆ ಬದಿಗೆ ಹೋಯಿತು. ಪಂಚಾಂಗ ನೋಡುವವರಿಗೆ ಇದು ಬೇಗ ಅರ್ಥವಾದೀತು. 51 ಪೆಗಾಸಿ ಇರುವುದು ಪೂರ್ವಾಭಾದ್ರೆಯ ಪಕ್ಕದಲ್ಲೇ, ಮಾರ್ಚಿನಲ್ಲಿ ಸೂರ್ಯನೂ ಪೂರ್ವಾಭಾದ್ರೆಗೆ ಬರುತ್ತಾನೆ. ಹಾಗಾಗಿ ಅದು ಮತ್ತೆ ಕಾಣಿಸಿಕೊಳ್ಳುವವರೆಗೆ ಕಾದರು. ಇಂಥ ರಾತ್ರಿ ಇಷ್ಟು ಸರಿದಿರಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಂಡು ಜುಲೈಯಲ್ಲಿ ನೋಡಿದರು. ಲೆಕ್ಕದ ಪ್ರಕಾರವೇ ಇತ್ತು. ಅಕ್ಟೋಬರಿನಲ್ಲಿ ಘೋಷಿಸಿದರು. ಕೆಲವೇ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ಬೇರೆ ಉಪಕರಣದಲ್ಲಿ ನೋಡಿ ಹೌದು ಅಂದರು. ಮೇಯರ್ ಮತ್ತು ಕೆಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಈಗ ಹೇಳಿ, ಕಾಣದ ದುಡ್ಡು ಇಷ್ಟು ಕರಾರುವಾಕ್ಕಾಗಿ ಗಲ್ಲಾಪೆಟ್ಟಿಗೆ ಅಲ್ಲಾಡಿಸಿದರೆ ನೀವು ರಸೀದಿ ಬರೆಯುವುದಿಲ್ಲವಾ?

ಪ್ರಶ್ನೆ: ಬೆಳಕು "ಸರಿಯಿತು" ಅಂತ ಗೊತ್ತಾಗಲು ಅದರಲ್ಲಿ ಏನಾದರೂ ಗುರುತು ಬೇಡವಾ ಟೀಚರ್? ನಮ್ಮ ಪುಸ್ತಕದಲ್ಲಿ ರೋಹಿತ ಅಂದರೆ ಬರೀ ಏಳು ಬಣ್ಣದ ಪಟ್ಟಿ ಇದೆ.
— ಹತ್ತನೇ ತರಗತಿ ವಿದ್ಯಾರ್ಥಿನಿ, ನೀರ್ಚಾಲು

ಒಳ್ಳೆಯ ಪ್ರಶ್ನೆ. ಪುಸ್ತಕದ ಚಿತ್ರ ಅರ್ಧ ಸತ್ಯ. ಸೂರ್ಯನ ಬೆಳಕನ್ನು ಚೆನ್ನಾಗಿ ಹಿಗ್ಗಿಸಿ ನೋಡಿದರೆ ಆ ಬಣ್ಣದ ಪಟ್ಟಿಯ ಮೇಲೆ ನೂರಾರು ಕಪ್ಪು ಗೆರೆಗಳು ಕಾಣುತ್ತವೆ. 1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಅವುಗಳನ್ನು ಕೂತು ಗುರುತು ಹಾಕಿದರು. ನಿನ್ನ ಮಲಯಾಳಂ ಮೀಡಿಯಂ ಗೆಳತಿ ರೋಹಿತಕ್ಕೆ "ವರ್ಣರಾಜಿ" ಅನ್ನುತ್ತಾಳಲ್ಲ, ಆ ರಾಜಿಯೊಳಗಿನ ಗೆರೆಗಳೇ ನಮಗೆ ಗುರುತು.

ಗೆರೆ ಎಲ್ಲಿಂದ ಬಂತು ಅಂತ ಅಡುಗೆಮನೆಯಲ್ಲೇ ನೋಡು. ಉಪ್ಪು ಹಾಕಿದ ಗಂಜಿ ಉಕ್ಕಿ ಗ್ಯಾಸಿನ ಮೇಲೆ ಚೆಲ್ಲಿದರೆ ನೀಲಿ ಉರಿ ಒಮ್ಮೆಲೇ ಹಳದಿ ಆಗುತ್ತದೆ. ಉಪ್ಪಿನ ಸೋಡಿಯಂ ಬಿಸಿಯಾದಾಗ ಕೊಡುವ ಬಣ್ಣ ಅದು, ಸುಮಾರು 589 ನ್ಯಾನೋಮೀಟರ್. ಬೇರೆ ಎಲ್ಲಿ ಹೋದರೂ ಸೋಡಿಯಂ ಆ ಹಠ ಬಿಡುವುದಿಲ್ಲ. ನಕ್ಷತ್ರದಲ್ಲಿ ಕೆಳಗಿನಿಂದ ಬಿಳಿ ಬೆಳಕು ಬಂದು, ಮೇಲಿನ ತಂಪು ಅನಿಲದಲ್ಲಿ ಸೋಡಿಯಂ ಇದ್ದರೆ ಅದೇ ಬಣ್ಣವನ್ನು ನುಂಗಿಬಿಡುತ್ತದೆ. ಅಲ್ಲಿ ಕಪ್ಪು ಗೆರೆ ಬೀಳುತ್ತದೆ. ಕಬ್ಬಿಣಕ್ಕೆ ಒಂದಲ್ಲ, ಸಾವಿರಾರು ಗೆರೆ. ಸೂರ್ಯನಂಥ ನಕ್ಷತ್ರದಲ್ಲಿ ಇವೆಲ್ಲ ಸೇರಿ ಬಾರ್‌ಕೋಡ್ ಇದ್ದ ಹಾಗೆ. ಒಂದು ಗೆರೆ ಸರಿದದ್ದು ಕಣ್ತಪ್ಪು ಅನ್ನಬಹುದು. ಸಾವಿರಾರು ಗೆರೆ ಒಟ್ಟಿಗೆ ಒಂದೇ ಲೆಕ್ಕದಲ್ಲಿ ಸರಿದರೆ ಹಾಗನ್ನಲು ಬರುವುದಿಲ್ಲ. (ಗಂಜಿಯನ್ನು ಬೇಕಂತಲೇ ಚೆಲ್ಲಬೇಡ. ನಾನು ಹೇಳಿದೆ ಅಂತ ಅಮ್ಮನಿಗೆ ಹೇಳಲೂಬೇಡ.)

ಪ್ರಶ್ನೆ: 51 ಪೆಗಾಸಿಯ ತೂಗಾಟ ಸುಮಾರು ಸೆಕೆಂಡಿಗೆ 50 ಮೀಟರ್ ಅಂದರೆ ಬೆಳಕಿನ ವೇಗದ ಅರವತ್ತು ಲಕ್ಷದಲ್ಲಿ ಒಂದು ಭಾಗ. ಇಷ್ಟು ಸಣ್ಣ ವ್ಯತ್ಯಾಸ ಅಳೆಯುವಾಗ ಉಪಕರಣವೇ ಅಲುಗಾಡಿದರೆ? ಚಳಿಗೆ ಕುಗ್ಗಿ, ಬಿಸಿಗೆ ಹಿಗ್ಗಿದರೆ?
— ನಿವೃತ್ತ ಇಂಜಿನಿಯರ್, ಉಪ್ಪಳ

ನೀವು ಕೇಳಿದ್ದೇ ಈ ವಿದ್ಯೆಯ ಮುಕ್ಕಾಲು ಪಾಲು. ದೂರದರ್ಶಕ ದೊಡ್ಡದು ಮಾಡುವುದು ಒಂದು ಕಷ್ಟ. ಪೆಟ್ಟಿಗೆಯೊಳಗಿನ ಕನ್ನಡಿ, ಬೆಳಕು ಬಿಡಿಸುವ ಜಾಲರಿಗಳನ್ನು ವರ್ಷಗಟ್ಟಲೆ ಮಿಸುಕದ ಹಾಗೆ ಇಡುವುದು ಅದಕ್ಕಿಂತ ದೊಡ್ಡ ಕಷ್ಟ.

ಮೊದಲು ನನ್ನದೇ ಒಂದು ಕತೆ. ಮೂರು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಗೆ ಚಾಲಿ ಅಡಿಕೆ ಕೊಡಲು ಹೋಗಿದ್ದೆ. ಎಲೆಕ್ಟ್ರಾನಿಕ್ ತಕ್ಕಡಿ ಪ್ರತಿ ಸಲ ಬೇರೆ ತೂಕ ತೋರಿಸುತ್ತಿತ್ತು. ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದವಳು ಸುಮ್ಮನಿರುತ್ತೇನಾ? ಗೋಣಿ ಇಳಿಸಿ ಬರೀ ತಟ್ಟೆ ನೋಡಿದೆ. ಏನೂ ಇಲ್ಲದೆ 40 ಗ್ರಾಂ ತೋರಿಸಿ ಕುಣಿಯುತ್ತಿತ್ತು. ಮೇಲೆ ನೋಡಿದರೆ ಫ್ಯಾನ್! ಅದರ ಗಾಳಿಯನ್ನೂ ತಕ್ಕಡಿ ತೂಗುತ್ತಿತ್ತು. ಫ್ಯಾನ್ ನಿಲ್ಲಿಸಿ, ಪಕ್ಕದಲ್ಲಿದ್ದ ಎರಡು ಕಿಲೋ ಕಬ್ಬಿಣದ ಪಡಿಯನ್ನು ಇಟ್ಟು ನೋಡಿ, ಆಮೇಲೆ ಅಡಿಕೆ ಇಡಿಸಿದೆ. ಸೆಕೆಯಲ್ಲಿ ಬೆವತ ಅಂಗಡಿಯವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸ್ಪೆಕ್ಟ್ರೋಗ್ರಾಫಿನಲ್ಲೂ ಈ ಎರಡೇ ಉಪಾಯ. ಫ್ಯಾನ್ ನಿಲ್ಲಿಸುವುದು, ಪಡಿ ಇಟ್ಟು ನೋಡುವುದು.

ಫ್ಯಾನ್ ನಿಲ್ಲಿಸುವುದು ಅಂದರೆ ಏನೆಂದು ಹೇಳುತ್ತೇನೆ. ಚಿಲಿ ದೇಶದ ಲಾ ಸಿಯ್ಯಾದಲ್ಲಿ 3.6 ಮೀಟರ್ ದೂರದರ್ಶಕಕ್ಕೆ 2003ರಲ್ಲಿ ಹಾರ್ಪ್ಸ್ ಎಂಬ ಸ್ಪೆಕ್ಟ್ರೋಗ್ರಾಫ್ ಜೋಡಿಸಿದರು. ಅದು ದೂರದರ್ಶಕಕ್ಕೆ ನೇತಾಡುವುದಿಲ್ಲ. ನಕ್ಷತ್ರದ ಬೆಳಕನ್ನು ಆಪ್ಟಿಕಲ್ ಫೈಬರಿನಲ್ಲಿ ಬೇರೆ ಕೋಣೆಗೆ ತರುತ್ತಾರೆ. ಕೋಣೆಯೊಳಗೆ ಗಾಳಿ ತೆಗೆದ ಉಕ್ಕಿನ ತೊಟ್ಟಿ, ಅದರೊಳಗೆ ಉಪಕರಣ. ಗಾಳಿ ಯಾಕೆ ತೆಗೆಯಬೇಕು? ಗಾಳಿಯ ಒತ್ತಡ ಒಂದೇ ಒಂದು ಮಿಲಿಬಾರ್ ಬದಲಾದರೂ ಗೆರೆಗಳು ಸೆಕೆಂಡಿಗೆ 80 ಮೀಟರ್ ವೇಗಕ್ಕೆ ಸಮನಾಗಿ ಸರಿದುಬಿಡುತ್ತವೆ. ಅಂದರೆ ಮಳೆ ಮೋಡ ಕವಿದರೆ ಸಾಕು, ಇಲ್ಲದ ಗ್ರಹ ಹುಟ್ಟುತ್ತದೆ! ಉಷ್ಣತೆಯನ್ನು ಒಂದು ಡಿಗ್ರಿಯ ನೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿಳಿಯಲು ಬಿಡುವುದಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆ ಹಿಂದಿನ ಸುರಂಗ. ಕಾಸರಗೋಡಿನ ಹೊರಗಿನವರಿಗೆ ಹೇಳುತ್ತೇನೆ, ನಮ್ಮಲ್ಲಿ ಬಾವಿಯನ್ನು ಕೆಳಕ್ಕೆ ತೋಡುವ ಬದಲು ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೂ ಕೊರೆಯುತ್ತಾರೆ. ಒಸರುವ ನೀರು ತಾನಾಗಿ ಹರಿದು ಬರುತ್ತದೆ. ನಮ್ಮದು ಅಜ್ಜನ ಕಾಲದ್ದು, ನಲವತ್ತು ಕೋಲು ಉದ್ದ. ಏಪ್ರಿಲಿನ ಉರಿಬಿಸಿಲಲ್ಲಿ ಹತ್ತು ಹೆಜ್ಜೆ ಒಳಗೆ ಹೋದರೆ ತಂಪು. ಡಿಸೆಂಬರಿನ ಮುಂಜಾನೆ ಹೋದರೆ ಅದೇ ಜಾಗ ಬೆಚ್ಚಗೆ. ಸುರಂಗ ಬದಲಾಗುವುದೇ ಇಲ್ಲ, ಹೊರಗಿನಿಂದ ಹೋದ ನಮ್ಮ ಮೈ ಬದಲಾಗಿರುತ್ತದೆ. ಒಮ್ಮೆ ಮಕ್ಕಳ ಜೊತೆ ಥರ್ಮಾಮೀಟರ್ ಹಿಡಿದು ಹೋದೆ. ನಾವು ಆರು ಜನ ಒಳಗೆ ನಿಂತು ಓದುವಷ್ಟರಲ್ಲಿ ಪಾದರಸ ಮೇಲೆ ಸರಿಯಿತು. ನಮ್ಮ ಉಸಿರಿನ ಬಿಸಿ! ಇಂಥ ಉಪಕರಣಗಳ ಕೋಣೆಗೆ ಕಾರಣವಿಲ್ಲದೆ ಯಾರನ್ನೂ ಬಿಡದಿರುವುದು ಇದಕ್ಕೇ.

ಇನ್ನು ಪಡಿ. ಎಷ್ಟು ಕಾಪಾಡಿದರೂ ಉಪಕರಣ ಚೂರು ಮಿಸುಕುತ್ತದೆ. ಹಾಗಾಗಿ ಎರಡು ಫೈಬರ್. ಒಂದರಲ್ಲಿ ನಕ್ಷತ್ರ, ಇನ್ನೊಂದರಲ್ಲಿ ಥೋರಿಯಂ ದೀಪ. ದೀಪದ ಗೆರೆ ಎಲ್ಲಿರಬೇಕು ಅಂತ ಮೊದಲೇ ಗೊತ್ತು. ಎರಡೂ ಒಟ್ಟಿಗೆ ಸರಿದರೆ ತಪ್ಪು ಉಪಕರಣದ್ದು. ನಕ್ಷತ್ರದ್ದು ಮಾತ್ರ ಸರಿದರೆ ಸುದ್ದಿ ಇದೆ ಅಂತ. ಮಾರ್ಸಿ ಮತ್ತು ಬಟ್ಲರ್ ಬೇರೆ ದಾರಿ ಹಿಡಿದಿದ್ದರು. ಅಯೋಡಿನ್ ಆವಿ ತುಂಬಿದ ಗಾಜಿನ ಕೊಳವೆಯ ಮೂಲಕ ನಕ್ಷತ್ರದ ಬೆಳಕನ್ನು ಹಾಯಿಸಿ, ಅದರ ಮೇಲೇ ಅಯೋಡಿನ್ ಗೆರೆ ಮುದ್ರೆ ಒತ್ತಿಸುವುದು. ಅವರಿಗೂ ಮೊದಲು, 1980ರ ದಶಕದಲ್ಲಿ, ಕೆನಡಾದ ಬ್ರೂಸ್ ಕ್ಯಾಂಬೆಲ್ ಮತ್ತು ಗಾರ್ಡನ್ ವಾಕರ್ ಇದೇ ಕೆಲಸಕ್ಕೆ ಹೈಡ್ರೋಜನ್ ಫ್ಲೋರೈಡ್ ಬಳಸಿದ್ದರು. ಗಾಜನ್ನೇ ತಿನ್ನುವ ವಿಷಾನಿಲ ಅದು, ಮೇಲಿಂದ ಕಾಯಿಸಿಯೂ ಇಡಬೇಕು. ರಾತ್ರಿಯಿಡೀ ಅದರ ಪಕ್ಕ ಕೂತವರ ಧೈರ್ಯಕ್ಕೆ ನಮಸ್ಕಾರ. ಈಗೀಗ ಲೇಸರ್ ಬಾಚಣಿಗೆ ಬಂದಿದೆ. ಬಾಚಣಿಗೆಯ ಹಲ್ಲಿನ ಹಾಗೆ ಸಮನಾದ ಅಂತರದಲ್ಲಿ ಬೆಳಕಿನ ಗೆರೆ ಹಾಕುತ್ತದೆ, ಅಣು ಗಡಿಯಾರಕ್ಕೆ ಕಟ್ಟಿಹಾಕಿರುತ್ತಾರೆ.

ಹಾರ್ಪ್ಸ್ ಇವೆಲ್ಲ ಸೇರಿ ಸೆಕೆಂಡಿಗೆ 1 ಮೀಟರ್‌ವರೆಗೆ ಮುಟ್ಟಿತು. ಆಗ ಕ್ಯಾಮೆರಾದ ಮೇಲೆ ಗೆರೆ ಸರಿಯುವುದು ಒಂದು ಪಿಕ್ಸೆಲಿನ ಸಾವಿರದಲ್ಲಿ ಒಂದು ಭಾಗದಷ್ಟು. ಒಂದು ಕೂದಲನ್ನು ದಪ್ಪದಲ್ಲಿ ಕೆಲವು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟೋ ಅಷ್ಟು. ಚಿಲಿಯದ್ದೇ ಪರನಾಲ್ ಬೆಟ್ಟದಲ್ಲಿ 2017ರಿಂದ ಕೆಲಸ ಮಾಡುತ್ತಿರುವ ಎಸ್ಪ್ರೆಸೋ ಎಂಬ ಸ್ಪೆಕ್ಟ್ರೋಗ್ರಾಫ್ ಇಟ್ಟುಕೊಂಡ ಗುರಿ ಸೆಕೆಂಡಿಗೆ 10 ಸೆಂಟಿಮೀಟರ್.

ಇಂಜಿನಿಯರ್ ಸಾಹೇಬರು ಒಂದು ಅಲುಗಾಟ ಮರೆತರು. ನಮ್ಮದೇ! ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತದೆ. ಅದರ ಮೇಲೆ ಕಾಸರಗೋಡು ಭೂಮಿಯ ಜೊತೆ ಸೆಕೆಂಡಿಗೆ ಸುಮಾರು 450 ಮೀಟರ್ ಪೂರ್ವಕ್ಕೆ ಗಿರಕಿ ಹೊಡೆಯುತ್ತಿದೆ. ನಾವು ಹುಡುಕುವ 50 ಮೀಟರ್ ಇದರೆದುರು ಏನೂ ಅಲ್ಲ. ಓಡುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ದೂರದ ಅಡಿಕೆ ಮರದ ತುದಿ ಅಲ್ಲಾಡಿತಾ ಅಂತ ನೋಡಿದ ಹಾಗೆ. ಬಸ್ಸಿನ ಓಟ ಮೊದಲು ಕಳೆಯಬೇಕು. ಅದಕ್ಕೇ ಫೋಟೋ ತೆಗೆದ ಹೊತ್ತನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತಾರೆ.

ಪ್ರಶ್ನೆ: "51 ಪೆಗಾಸಿಯ ಗ್ರಹದ ತೂಕ ಗುರುವಿನ ಅರ್ಧ" ಎಂದು ಬರೆದಿರಿ. ಅದು ಕನಿಷ್ಠ ತೂಕ ಅಲ್ಲವೇ?
— ಕಾಲೇಜು ಉಪನ್ಯಾಸಕರು, ಮಂಜೇಶ್ವರ

ಹೌದು, ನನ್ನದೇ ತಪ್ಪು. "ಕಡಿಮೆ ಅಂದರೆ ಅರ್ಧ" ಅಂತ ಬರೆಯಬೇಕಿತ್ತು.

ಬೇರೆಯವರಿಗಾಗಿ ಹೇಳುತ್ತೇನೆ. ಗೆರೆ ಸರಿಯುವುದು ನಕ್ಷತ್ರ ನಮ್ಮ ಕಡೆಗೆ ಬಂದಾಗ ಅಥವಾ ದೂರ ಹೋದಾಗ ಮಾತ್ರ. ಅಡಿಕೆ ಮರ ಗಾಳಿಗೆ ಓರೆಯಾಗಿ ತೂಗುತ್ತಿದ್ದರೆ ನಮಗೆ ಸಿಗುವುದು ಅದರ ಒಂದು ಪಾಲು. ಎಡಬಲದ ಪಾಲು ಲೆಕ್ಕಕ್ಕೆ ಬರುವುದಿಲ್ಲ. ನಿಜವಾದ ತೂಗಾಟ ಜಾಸ್ತಿ ಇದ್ದರೆ ಗ್ರಹವೂ ಜಾಸ್ತಿ ಭಾರ ಇರಬೇಕು. ಗ್ರಹ ತನ್ನ ನಕ್ಷತ್ರದ ಎದುರಿನಿಂದಲೇ ಹಾದುಹೋಗುವಂತಿದ್ದರೆ ಈ ಅನುಮಾನ ಇಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಚೆರುವತ್ತೂರಿನಲ್ಲಿ ನಿಂತು ಕಂಕಣ ಗ್ರಹಣ ನೋಡಿದವರಿಗೆ ಚಂದ್ರ ನೇರ ಎದುರಿಗೆ ಬಂದದ್ದು ಗೊತ್ತಲ್ಲ, ಹಾಗೆ. ಆಗ ನಕ್ಷತ್ರ ಮಬ್ಬಾದ ಪ್ರಮಾಣದಿಂದ ಗ್ರಹದ ಗಾತ್ರ, ತೂಗಾಟದಿಂದ ತೂಕ, ಎರಡೂ ಸಿಗುತ್ತವೆ. ಅದು ಕಲ್ಲೋ, ಅನಿಲವೋ ಅಂತ ಆಮೇಲೆ ಹೇಳಬಹುದು.

ಪ್ರಶ್ನೆ: ಹೊಸ ಗ್ರಹಗಳು ಸಾವಿರಾರು ಸಿಕ್ಕಿವೆಯಂತೆ. ಇವನ್ನೂ ಜಾತಕದಲ್ಲಿ ಸೇರಿಸಬೇಕಾ?
— ಓದುಗರು, ಮಧೂರು

ಒಂಬತ್ತನ್ನೇ ಸಂಭಾಳಿಸಲು ಆಗುತ್ತಿಲ್ಲ, ಆರು ಸಾವಿರ ದಾಟಿದ್ದನ್ನು ಏನು ಮಾಡುತ್ತೀರಿ? ಹೆಸರು ಮಾತ್ರ ನಮ್ಮ ಕಡೆಯದ್ದೂ ಒಂದಿದೆ. ತೂಗಾಟದಿಂದಲೇ ಪತ್ತೆಯಾದ ಒಂದು ಗ್ರಹಕ್ಕೆ 2019ರಲ್ಲಿ ಭಾರತದ ಪರವಾಗಿ "ಸಂತಮಸ" ಅಂತ ಹೆಸರಿಟ್ಟರು. ಅದರ ನಕ್ಷತ್ರದ ಹೆಸರು "ಬಿಭಾ", ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ.

ಪ್ರಶ್ನೆ: ಎಲ್ಲ ಚಿಲಿ, ಫ್ರಾನ್ಸ್, ಕ್ಯಾಲಿಫೋರ್ನಿಯಾ. ನಮ್ಮಲ್ಲಿ ಯಾರೂ ಮಾಡುವುದಿಲ್ಲವಾ? ನಮ್ಮ ಪೊಸಡಿಗುಂಪೆ ಗುಡ್ಡದ ಮೇಲೆ ಒಂದು ಇಟ್ಟರೆ ಆಗದಾ?
— ಅಡಿಕೆ ಕೃಷಿಕರು, ಧರ್ಮತ್ತಡ್ಕ

ಪೊಸಡಿಗುಂಪೆಯಲ್ಲಿ ಇಟ್ಟರೆ ಜೂನಿನಿಂದ ಮಳೆ, ಮೋಡ, ಮಂಜು. ಲೆನ್ಸಿಗೆ ಬೂಷ್ಟು ಹಿಡಿದೀತು. ನನ್ನ ಬೈನಾಕ್ಯುಲರಿಗೆ ಹಿಡಿದಿದೆ.

ಆದರೆ ನಮ್ಮದೇ ಅಕ್ಷಾಂಶದಲ್ಲಿ ಒಂದು ಇದೆ. ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರು. ಅಲ್ಲಿ ವೈನು ಬಪ್ಪು ಅವರ ಹೆಸರಿನ 2.34 ಮೀಟರ್ ದೂರದರ್ಶಕ 1986ರಿಂದ ಇದೆ, ಸ್ಪೆಕ್ಟ್ರೋಗ್ರಾಫ್ ಕೂಡ ಇದೆ. ಕಾವಲೂರಿನ ನೆತ್ತಿ ದಾಟಿದ ನಕ್ಷತ್ರ ಸುಮಾರು ಹದಿನೈದು ನಿಮಿಷದಲ್ಲಿ ಕಾಸರಗೋಡಿನ ನೆತ್ತಿಗೆ ಬರುತ್ತದೆ.

ಗ್ರಹ ಹುಡುಕುವ ಕೆಲಸಕ್ಕೆ ಅಂತಲೇ ಮಾಡಿದ್ದು ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರ "ಪಾರಸ್". ಇದೂ ನಿರ್ವಾತ ತೊಟ್ಟಿಯೊಳಗೇ ಕೂತಿದೆ. ಬರೀ 1.2 ಮೀಟರ್ ದೂರದರ್ಶಕ ಇಟ್ಟುಕೊಂಡು 2018ರಲ್ಲಿ ಒಂದು ಗ್ರಹದ ತೂಕ ಹೇಳಿದರು. ಭೂಮಿಯ 27 ಪಟ್ಟು, 600 ಜ್ಯೋತಿರ್ವರ್ಷ ದೂರ, ಸುತ್ತು 19.5 ದಿನ. ಈಗ 2.5 ಮೀಟರ್ ದೂರದರ್ಶಕಕ್ಕೆ ಪಾರಸ್-2 ಜೋಡಿಸಿದ್ದಾರೆ. 2024ರಲ್ಲಿ ಅದು ಟಿಓಐ-6651 ಎಂಬ ನಕ್ಷತ್ರದ ಸುತ್ತ ಐದು ದಿನಕ್ಕೊಮ್ಮೆ ಸುತ್ತುವ, ಭೂಮಿಯ 60 ಪಟ್ಟು ತೂಕದ ಗ್ರಹ ಹಿಡಿಯಿತು. ಇದು ಪೇಪರಿನ ಮೂಲೆಯಲ್ಲಿ ಬಂದ ಸುದ್ದಿ, ನಿಮಗೆ ತಪ್ಪಿಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆ: ವಿಜ್ಞಾನಿಗಳು ಇದರಲ್ಲಿ ಮೋಸ ಹೋದದ್ದುಂಟಾ?
— ಓದುಗರು, ಮುಳ್ಳೇರಿಯ

ಉಂಟು. 2012ರಲ್ಲಿ ನಮ್ಮ ನೆರೆಯ ಆಲ್ಫಾ ಸೆಂಟಾರಿ ಬಿ ನಕ್ಷತ್ರಕ್ಕೆ ಭೂಮಿಯಷ್ಟೇ ತೂಕದ ಗ್ರಹ ಇದೆ ಅಂದರು. ತೂಗಾಟ ಸೆಕೆಂಡಿಗೆ ಬರೀ ಅರ್ಧ ಮೀಟರ್. ಜಗತ್ತೆಲ್ಲ ಸುದ್ದಿ. 2015ರಲ್ಲಿ ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಜರಡಿ ಹಿಡಿದರು. ಯಾವ ರಾತ್ರಿ ನೋಡಿದರು, ಯಾವ ರಾತ್ರಿ ನೋಡಲಿಲ್ಲ ಅನ್ನುವ ಅಂತರಗಳೇ ಆ ತಾಳ ಹುಟ್ಟಿಸಿದ್ದು ಅಂತ ಗೊತ್ತಾಯಿತು. ಗ್ರಹ ಮಾಯ. 2016ರಲ್ಲಿ ಅದರ ಪಕ್ಕದ ಪ್ರಾಕ್ಸಿಮಾದಲ್ಲಿ ಸೆಕೆಂಡಿಗೆ 1.4 ಮೀಟರ್ ತೂಗಾಟ ಸಿಕ್ಕಿತು, 11.2 ದಿನದ ಸುತ್ತು. ನಾವು ನಡೆಯುವ ವೇಗ ಅಷ್ಟೇ. ಆ ಗ್ರಹ ಮಾತ್ರ ಗಟ್ಟಿಯಾಗಿ ಉಳಿದಿದೆ.

ಭೂಮಿಯಂಥದ್ದನ್ನು ಸೂರ್ಯನಂಥ ನಕ್ಷತ್ರದ ಸುತ್ತ ಹಿಡಿಯುವುದು ಇನ್ನೂ ಕಷ್ಟವಾಗಿಯೇ ಇರುವುದು ಉಪಕರಣದಿಂದಲ್ಲ, ನಕ್ಷತ್ರದಿಂದ. ಅದರ ಮೈ ಗಂಜಿ ಕುದಿದ ಹಾಗೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ಸೂರ್ಯ ಐದೈದು ನಿಮಿಷಕ್ಕೆ ಮಿಡಿಯುತ್ತಾನೆ. ಕಲೆಗಳು ತಿರುಗಿ ಬಂದು ಗೆರೆಗಳ ಆಕಾರ ಕೆಡಿಸುತ್ತವೆ. ಇವೆಲ್ಲ ಸೆಕೆಂಡಿಗೆ ಮೀಟರ್ ಲೆಕ್ಕದ ಗಲಾಟೆ. ಅದರೊಳಗೆ 9 ಸೆಂಟಿಮೀಟರಿನ, ವರ್ಷಕ್ಕೊಮ್ಮೆ ಬರುವ ತಾಳ ಹುಡುಕಬೇಕು. ಯಕ್ಷಗಾನ ಆಟದ ಚೆಂಡೆ ಬಡಿಯುತ್ತಿರುವಾಗ ಚೌಕಿಯಲ್ಲಿ ಯಾರದೋ ಗೆಜ್ಜೆಯ ಒಂದು ಕಾಳು ಅಲ್ಲಾಡಿತಾ ಅಂತ ಕೇಳಿದ ಹಾಗೆ.

ಪ್ರಶ್ನೆ: ಟೀಚರ್, ನಾನು ಆ ನಕ್ಷತ್ರ ನೋಡಬಹುದಾ? ನಮ್ಮಲ್ಲಿ ದೂರದರ್ಶಕ ಇಲ್ಲ.
— ಆರನೇ ತರಗತಿ ವಿದ್ಯಾರ್ಥಿ, ಎಣ್ಮಕಜೆ

ನೋಡಬಹುದು. ಗ್ರಹ ಅಲ್ಲ, ನಕ್ಷತ್ರ. ಅಕ್ಟೋಬರ್ ನಡುವಿನಲ್ಲಿ ರಾತ್ರಿ ಒಂಬತ್ತು ಗಂಟೆ ಹೊತ್ತಿಗೆ ಚಾಪೆ ಹಾಸಿ ಮಲಗು. ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರದ ದೊಡ್ಡ ಚೌಕ ಕಾಣುತ್ತದೆ. ಅದರ ಪಡುವಣ ಬದಿಯ ಎರಡು ಪೂರ್ವಾಭಾದ್ರೆ, ಮೂಡಣ ಬದಿಯ ಎರಡು ಉತ್ತರಾಭಾದ್ರೆ. ಗೊತ್ತಾಗದಿದ್ದರೆ ಅಜ್ಜಿಯನ್ನು ಕೇಳು. ಪೂರ್ವಾಭಾದ್ರೆಯ ಎರಡನ್ನು ಕಲ್ಪನೆಯ ಗೆರೆಯಿಂದ ಸೇರಿಸಿದರೆ, ಗೆರೆಯ ಸುಮಾರು ನಡುವೆ, ಚೌಕದಿಂದ ಚೂರು ಹೊರಗೆ ಮಂಕಾದ ಒಂದು ಚುಕ್ಕಿ ಇದೆ. ಅದೇ 51 ಪೆಗಾಸಿ. ಅಲ್ಲಿಂದ ಹೊರಟ ಬೆಳಕು ನಿನ್ನ ಕಣ್ಣಿಗೆ ಬರಲು ಐವತ್ತು ವರ್ಷ ತೆಗೆದುಕೊಂಡಿದೆ. ಬರಿಗಣ್ಣಿಗೆ ಕಷ್ಟಪಟ್ಟು ಸಿಗುತ್ತದೆ, ಬೈನಾಕ್ಯುಲರಿನಲ್ಲಿ ಸುಲಭ.

ಆ ತಿಂಗಳು ನಮ್ಮಲ್ಲಿ ಸಂಜೆ ಗುಡುಗು ಮಳೆ. ಮಳೆ ನಿಂತ ರಾತ್ರಿಯೇ ಆಕಾಶ ಚೆನ್ನಾಗಿ ತೊಳೆದಿರುತ್ತದೆ. ಅಂಗಳದ ಲೈಟ್ ಆರಿಸಿ, ಕಾಲು ಗಂಟೆ ಮೊಬೈಲ್ ಮುಟ್ಟದೆ ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾಯಬೇಕು. ಹೊದೆಯಲು ದಪ್ಪ ಬೈರಾಸು ತೆಗೆದುಕೋ, ಸೊಳ್ಳೆ ಜಾಸ್ತಿ.